ನದಿಯ ಸಾಲ್ಮನ್ ಉಪ್ಪುನೀರಲ್ಲಿ ಬದುಕೋದು ಹೇಗೆ?

ಸಾಲ್ಮನ್ ಮೀನು ಹುಟ್ಟೋದು ನದಿಯಲ್ಲಿ, ಬಲಿಯೋದು ಸಮುದ್ರದಲ್ಲಿ. ಒಂದು ಲೀಟರ್ ಸಮುದ್ರದ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತೆ, ಮೀನಿನ ರಕ್ತದಲ್ಲಿರೋದರ ಸುಮಾರು 3 ಪಟ್ಟು. ಹಾಗಾಗಿ ಅಲ್ಲಿ ಮೀನಿನ ಮೈಯ ನೀರು ಹೊರಗೆ ಹೋಗ್ತಾನೇ ಇರುತ್ತೆ. ಅದನ್ನು ತುಂಬಿಕೊಳ್ಳೋಕೆ ಮೀನು ಸಮುದ್ರದ ನೀರನ್ನೇ ಕುಡಿಯುತ್ತೆ. ಜೊತೆಗೆ ಬಂದ ಉಪ್ಪನ್ನು ಹೊರಹಾಕೋದು ಕಿವಿರು. ನದಿಯಲ್ಲಿದ್ದಾಗ ಇದೇ ಕಿವಿರು ಉಪ್ಪನ್ನು ಒಳಗೆ ಎಳೆದುಕೊಳ್ತಿತ್ತು!

ಈ ಬದಲಾವಣೆ ಸಮುದ್ರ ಮುಟ್ಟೋ ಮೊದಲೇ ಶುರುವಾಗುತ್ತೆ. ವಸಂತದಲ್ಲಿ ಹಗಲು ಉದ್ದವಾದಂತೆ ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಹೆಚ್ಚಿ, ಉಪ್ಪು ಹೊರದೂಡುವ ಜೀವಕೋಶಗಳು ಕಿವಿರಿನಲ್ಲಿ ಸಜ್ಜಾಗುತ್ತವೆ.

ಆದರೆ ಇದಕ್ಕೊಂದು ಗಡುವಿದೆ. ಅಣೆಕಟ್ಟಿನ ಹಿಂದೆ ಸಿಕ್ಕಿ ತಡವಾದರೆ, ಅದರಲ್ಲೂ ನೀರು ಬೆಚ್ಚಗಾದರೆ, ಕಿವಿರು ಮತ್ತೆ ಸಿಹಿನೀರಿಗೇ ಒಗ್ಗಿಕೊಳ್ಳುತ್ತೆ. ಆಮೇಲೆ ಕಡಲು ಸೇರಿದರೂ ಉಳಿಯೋದು ಕಷ್ಟ. ಅಂದರೆ ಮೀನಿಗೆ ದಾರಿ ಬಿಟ್ಟರಷ್ಟೇ ಸಾಲದು, ಹೊತ್ತಿಗೆ ಸರಿಯಾಗಿ ಬಿಡಬೇಕು.