ರಾ ಫೋಟೊದಿಂದ ಬಿಎಂಪಿಗೆ: 600 ಬೈಟ್‌ಗಳ ಲೆಕ್ಕ

ಕಡಬ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸ ಮಾಡುತ್ತಿದ್ದಾಗ ಒಂಬತ್ತನೇ ತರಗತಿಗೆ ‘ಚಿತ್ರವೂ ಸಂಖ್ಯೆಯೇ’ ಎಂಬ ಪಾಠ ಯೋಜಿಸಿದ್ದೆ. ಮಕ್ಕಳು ನೋಡಿದ ಜಾಗವೇ ಇರಲಿ ಎಂದು, ಹೊಸಮಠದಲ್ಲಿ ಮಳೆಗಾಲದ ಗುಂಡ್ಯ ಹೊಳೆಯನ್ನು ಅಣ್ಣ ತೆಗೆದಿದ್ದ ಫೋಟೊ ಕೇಳಿದೆ. ಅವನು ಕೊಟ್ಟದ್ದು ಕ್ಯಾಮೆರಾದ ರಾ ಫೈಲ್. ಶಾಲೆಯ ಹಳೆ ಕಂಪ್ಯೂಟರಿನಲ್ಲಿ ಅದು ತೆರೆಯಲೇ ಇಲ್ಲ.

ರಾ ಎಂದರೆ ಇನ್ನೂ ಚಿತ್ರವಾಗದ ಚಿತ್ರ. ಸೆನ್ಸರಿನ ಪ್ರತಿ ಪಿಕ್ಸೆಲ್ ಮೇಲೆ ಒಂದೇ ಬಣ್ಣದ ಫಿಲ್ಟರ್ ಇರುತ್ತದೆ. ಹೆಚ್ಚಿನ ಕ್ಯಾಮೆರಾಗಳಲ್ಲಿ ನಾಲ್ಕು ಪಿಕ್ಸೆಲ್‌ಗಳ ಚೌಕಕ್ಕೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆ ಇದು. ಅಂದರೆ ಒಂದು ಪಿಕ್ಸೆಲಿಗೆ ಒಂದೇ ಸಂಖ್ಯೆ ಸಿಗುತ್ತದೆ, ಉಳಿದೆರಡು ಬಣ್ಣಗಳನ್ನು ಅಕ್ಕಪಕ್ಕದ ಪಿಕ್ಸೆಲ್‌ಗಳಿಂದ ತಂತ್ರಾಂಶ ಅಂದಾಜು ಮಾಡುತ್ತದೆ. ಆ ಸಂಖ್ಯೆ 14 ಬಿಟ್‌ನದ್ದಾದರೆ ಬೆಳಕಿಗೆ 16,384 ಹಂತಗಳು. ಬಿಎಂಪಿಯಲ್ಲಿ ಬಣ್ಣವೊಂದಕ್ಕೆ 8 ಬಿಟ್, 256 ಹಂತ ಮಾತ್ರ. ಕಳೆದುಹೋದ ಹಂತಗಳು ಮತ್ತೆ ಬರುವುದಿಲ್ಲ, ಆದ್ದರಿಂದ ಮೂಲ ಫೈಲನ್ನು ಅಳಿಸಬಾರದು.

ಜೆಪೆಗ್ ಮಾಡಿದರೆ ಸಾಕಲ್ಲ ಎಂದು ಮಾರ್ಗದರ್ಶಕ ಶಿಕ್ಷಕರು ಕೇಳಿದರು. ಪರದೆಯ ಮೇಲೆ ತೋರಿಸಲು ಸಾಕು. ಆದರೆ ಜೆಪೆಗ್ ಕುಗ್ಗಿಸಿಟ್ಟ ಫೈಲ್; ಅದರ ಗಾತ್ರವನ್ನು ಮಕ್ಕಳು ಗುಣಾಕಾರದಿಂದ ಹೇಳಲಾರರು. 24 ಬಿಟ್‌ನ ಬಿಎಂಪಿಯಲ್ಲಿ ಮುಚ್ಚುಮರೆಯಿಲ್ಲ. ಮೊದಲು 54 ಬೈಟ್‌ಗಳ ತಲೆಬರಹ, ಅನಂತರ ಪಿಕ್ಸೆಲಿಗೆ ಮೂರು ಬೈಟ್. (ಕೆಳಗಿನ ಸಾಲಿನಿಂದ ಮೇಲಕ್ಕೆ ಬರೆದಿರುತ್ತದೆ ಎಂಬುದು ಮಕ್ಕಳಿಗೆ ಭಾರಿ ತಮಾಷೆಯಾಗಿ ಕಂಡಿತು.)

ಅಣ್ಣನ ಫೋಟೊ 6000×4000 ಪಿಕ್ಸೆಲ್. ಇದ್ದಂತೆಯೇ ಬಿಎಂಪಿ ಮಾಡಿದರೆ 7 ಕೋಟಿ 20 ಲಕ್ಷ ಬೈಟ್ ದಾಟುತ್ತದೆ, ರಾ ಫೈಲಿಗಿಂತಲೂ ದೊಡ್ಡದು! ನನ್ನ ಲ್ಯಾಪ್‌ಟಾಪಿನಲ್ಲಿ ಉಚಿತ ತಂತ್ರಾಂಶ ರಾಥೆರಪಿಯಲ್ಲಿ ತೆರೆದು, ವೈಟ್ ಬ್ಯಾಲೆನ್ಸ್ ಸರಿಮಾಡಿ, 900×600ಕ್ಕೆ ಇಳಿಸಿದೆ. ರಾಥೆರಪಿ ನೇರವಾಗಿ ಬಿಎಂಪಿ ಕೊಡುವುದಿಲ್ಲ. 8 ಬಿಟ್ ಟಿಫ್ ಆಗಿ ಉಳಿಸಿ, ಪೇಂಟ್‌ನಲ್ಲಿ ತೆರೆದು, 24 ಬಿಟ್ ಬಿಟ್‌ಮ್ಯಾಪ್ ಎಂದು ಮತ್ತೆ ಉಳಿಸಿದೆ.

ತರಗತಿಯಲ್ಲಿ ಲೆಕ್ಕ ಮೊದಲು, ಕಂಪ್ಯೂಟರ್ ಆಮೇಲೆ. 900×600×3, ಕೂಡಿಸು 54: ಉತ್ತರ 16,20,054. ಪ್ರಾಪರ್ಟೀಸ್ ತೆರೆದಾಗ ಅದೇ ಸಂಖ್ಯೆ. ಮಕ್ಕಳು ಕೂಗಿದ ಕೂಗಿಗೆ ಪಕ್ಕದ ತರಗತಿಯ ಟೀಚರ್ ಬಂದು ನೋಡಿದರು.

ಹುರುಪಿನಲ್ಲಿ ಪೇಂಟ್‌ನಲ್ಲೇ ಚಿತ್ರವನ್ನು ಉದ್ದಗಲ ಅರ್ಧಕ್ಕೆ ಇಳಿಸಲು ಹೇಳಿದೆ. 450×300ಕ್ಕೆ 4,05,054 ಬರಬೇಕಿತ್ತು. ಬಂದದ್ದು 4,05,654. “ಟೀಚರ್, 600 ಹೆಚ್ಚು ಬರ್ತದೆ,” ಎಂದಳು ಹಿಂದಿನ ಬೆಂಚಿನ ಒಬ್ಬಳು. ಅವಲೋಕನಕ್ಕೆ ಬಂದವರು ಹಿಂದೆ ಕುಳಿತಿದ್ದರು. ನನಗೆ ಕಾರಣ ತಿಳಿದಿರಲಿಲ್ಲ. “ನೀನು ಎಲ್ಲೋ ತಪ್ಪು ಗುಣಿಸಿದ್ದಿ, ಇನ್ನೊಮ್ಮೆ ನೋಡು,” ಎಂದುಬಿಟ್ಟೆ. ಅವಳು ಪುನಃ ಗುಣಿಸಿ, ಅದೇ ಉತ್ತರ ಬಂದರೂ ಮತ್ತೆ ಕೈ ಎತ್ತಲಿಲ್ಲ. ಅವಲೋಕನದ ಪುಟದಲ್ಲಿ ಈ ಬಗ್ಗೆ ಒಂದು ಸಾಲೂ ಇರಲಿಲ್ಲ. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಕಾರಣ ಹುಡುಕಿದಾಗ ಸರಳವಾಗಿತ್ತು. ಬಿಎಂಪಿಯಲ್ಲಿ ಪ್ರತಿ ಸಾಲಿನ ಬೈಟ್‌ಗಳು ನಾಲ್ಕರಿಂದ ಭಾಗವಾಗಬೇಕು. ಆಗದಿದ್ದರೆ ಸಾಲಿನ ಕೊನೆಗೆ ಖಾಲಿ ಬೈಟ್ ಸೇರಿಸುತ್ತಾರೆ. 900 ಪಿಕ್ಸೆಲಿನ ಸಾಲು 2700 ಬೈಟ್, ಸರಿಯಾಗಿ ಭಾಗವಾಗುತ್ತದೆ. 450ರ ಸಾಲು 1350. ಅದು 1352 ಆಗಬೇಕು. ಸಾಲಿಗೆ ಎರಡರಂತೆ 300 ಸಾಲಿಗೆ 600.

ಮರುದಿನ ಅವಳ ಲೆಕ್ಕವನ್ನೇ ಹಲಗೆಯ ಮೇಲೆ ಬರೆದು, ತಪ್ಪಿದ್ದು ನಾನು ಎಂದೆ. ಕಾರಣ ಹೇಳಲಿಲ್ಲ, 600ನ್ನು 300ರಿಂದ ಭಾಗಿಸಿ ನೋಡಿ ಎಂದಷ್ಟೇ ಸುಳಿವು ಕೊಟ್ಟೆ. ಸಾಲಿಗೆ ಎರಡು ಎಂಬಲ್ಲಿಗೆ ಅವಳೇ ಮೊದಲು ಬಂದಳು. ನಾಲ್ಕರ ಗುಣಕದ ವಿಷಯ ಹೊಳೆಯಲು 451, 452 ಅಗಲದ ಚಿತ್ರಗಳನ್ನೂ ಮಾಡಿ ನೋಡಬೇಕಾಯಿತು, ಒಂದು ಪೀರಿಯಡ್ ಪೂರ್ತಿ ಹೋಯಿತು.

ಈ ಪಾಠ ಮಾಡುವವರು ಮೊದಲ ಚಿತ್ರದ ಅಗಲ ನಾಲ್ಕರ ಗುಣಕವಾಗಿರಲಿ, ಎರಡನೆಯದು ಬೇಕೆಂದೇ ಆಗದಿರಲಿ. ಫೈಲನ್ನು ಪೇಂಟ್‌ನಲ್ಲೇ ಉಳಿಸಿ, ಬೇರೆ ಕೆಲವು ತಂತ್ರಾಂಶಗಳು ತಲೆಬರಹವನ್ನು 54 ಬೈಟ್‌ಗಿಂತ ಉದ್ದ ಬರೆಯುತ್ತವೆ. ಪ್ರಾಪರ್ಟೀಸ್‌ನಲ್ಲಿ ಗಾತ್ರದ ಎರಡು ಸಾಲುಗಳಿರುತ್ತವೆ. ಮೇಲಿನದನ್ನು ಓದಬೇಕು, ಡಿಸ್ಕಿನಲ್ಲಿ ಹಿಡಿಯುವ ಜಾಗವನ್ನಲ್ಲ.