ಹೊಲ ಇನ್ನೂ ಅಜ್ಜನ ಹೆಸರಿನಲ್ಲಿಯೇ ಇದೆಯೇ?

ಮುಂದಿನ ವರ್ಷಕ್ಕೆಂದು ಜೋಳದ ಬೀಜಕ್ಕೆ ಬೂದಿ ಬೆರೆಸಿ, ಗಡಿಗೆಯಲ್ಲಿ ತುಂಬಿ, ಬಾಯಿಗೆ ಸಗಣಿ ಬಳಿದು ಕಾಪಾಡುವ ನಮ್ಮ ರೈತನು, ನಾಳೆ ತಾನಿಲ್ಲದಿದ್ದರೆ ಮಕ್ಕಳ ಗತಿಯೇನೆಂದು ಯೋಚಿಸಲು ಹಿಂಜರಿಯುತ್ತಾನೆ. ಆ ಮಾತೆತ್ತಿದರೆ ಮನೆಯ ಹಿರಿಯರು 'ಬಿಡ್ತು ಅನ್ನು' ಎನ್ನುತ್ತಾರೆ. ನಾವೂ ಬಹುಕಾಲ ಹಾಗೆಯೇ ಇದ್ದೆವು.

ಕೆಲವು ವರ್ಷಗಳ ಹಿಂದೆ, ಮಖ್ತಲ ಸೀಮೆಯಲ್ಲಿ, ನಮ್ಮ ತರಗತಿಯ ಹುಡುಗನೊಬ್ಬನು ಹತ್ತಿ ಬಿಡಿಸುವ ಕಾಲಕ್ಕೆ ಶಾಲೆ ಬಿಟ್ಟನು. ವಿಚಾರಿಸಲಾಗಿ, ಅವನ ತಂದೆಯು ರಾತ್ರಿ ನೀರು ಹಾಯಿಸಲು ಹೋಗಿ ಹಾವು ಕಚ್ಚಿ ತೀರಿಕೊಂಡಿದ್ದನು. ನಾಲ್ಕು ಎಕರೆ ಹೊಲವೇನೋ ಇತ್ತು. ಆದರೆ ಅಜ್ಜನು ಸತ್ತು ಹನ್ನೆರಡು ವರ್ಷವಾಗಿದ್ದರೂ ಅದು ಅವನ ಹೆಸರಿನಲ್ಲಿಯೇ ಇತ್ತು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡು ಉಳುತ್ತಿದ್ದರು. ಬದುವಿನ ಕಲ್ಲು ಎಲ್ಲಿದೆಯೆಂಬುದು ಊರಿಗೆಲ್ಲ ಗೊತ್ತು, ಕಾಗದದಲ್ಲಿ ಮಾತ್ರ ಇಲ್ಲ.

ತೆಲಂಗಾಣ ಸರಕಾರವು 2018ರ ಆಗಸ್ಟಿನಲ್ಲಿ ಆರಂಭಿಸಿದ ರೈತು ಬೀಮಾ ಯೋಜನೆಯಂತೆ, 18ರಿಂದ 59 ವಯಸ್ಸಿನೊಳಗಿನ ರೈತನು ಯಾವ ಕಾರಣದಿಂದ ತೀರಿಕೊಂಡರೂ ಅವನು ಹೆಸರಿಸಿದ ನಾಮಿನಿಗೆ 5 ಲಕ್ಷ ರೂಪಾಯಿ ಸಲ್ಲುವುದು. ಜೀವವಿಮಾ ನಿಗಮಕ್ಕೆ ಕಂತು ಕಟ್ಟುವುದೂ ಸರಕಾರವೇ. ಆದರೆ ಇದು ಪಟ್ಟಾದಾರ ಪಾಸ್‌ಬುಕ್ ಉಳ್ಳವನಿಗೆ ಮಾತ್ರ. ಆ ಹುಡುಗನ ತಾಯಿಗೆ ಒಂದು ಪೈಸೆಯೂ ಬರಲಿಲ್ಲ. ಪಾಲಿಗೆ, ಗುತ್ತಿಗೆಗೆ ಮಾಡುವವನಿಗೂ ಇದಿಲ್ಲ. ಬಿಸಿಲಲ್ಲಿ ಬೇಯುವವನು ಅವನೇ ಆಗಿರುವಾಗ ಇದು ನ್ಯಾಯವಲ್ಲವೆಂದು ನಮ್ಮ ಮತ. ಅಂಥವರು ತಮ್ಮ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆಯನ್ನಾದರೂ ಮಾಡಿಸಿಕೊಳ್ಳಬೇಕು. 18ರಿಂದ 50 ವಯಸ್ಸಿನವರು ಸೇರಬಹುದು. ವರ್ಷಕ್ಕೆ 436 ರೂಪಾಯಿ ಕಂತು, ಸತ್ತರೆ ಮನೆಯವರಿಗೆ 2 ಲಕ್ಷ.

ಆದುದರಿಂದ ಮೊದಲು ಆಗತಕ್ಕ ಕೆಲಸವೆಂದರೆ ವಿರಾಸತ್. 2025ರಲ್ಲಿ ಜಾರಿಗೆ ಬಂದ ಭೂಭಾರತಿ ಕಾಯಿದೆಯಂತೆ ತಹಶೀಲದಾರರಿಗೆ ಅರ್ಜಿ ಹಾಕಿ, ಹೊಲವನ್ನು ಬದುಕಿರುವವರ ಹೆಸರಿಗೆ ಮಾಡಿಸಿಕೊಳ್ಳಿರಿ. ವಾರಸುದಾರರ ಪಟ್ಟಿಯಲ್ಲಿ ಅಕ್ಕತಂಗಿಯರನ್ನು ಮರೆಯಬೇಡಿರಿ. ರಾಯಚೂರಿಗೋ ಗುರುಮಠಕಲ್ಲಿಗೋ ಕೊಟ್ಟ ಹೆಣ್ಣುಮಕ್ಕಳಿಗೂ ಹಿಂದೂ ವಾರಸಾ ಕಾಯಿದೆಯಲ್ಲಿ ಪಾಲಿದೆ. ಅವರನ್ನು ಬಿಟ್ಟು ಬರೆದ ಪಟ್ಟಿಯು ನಾಳೆ ಮಕ್ಕಳ ಕೊರಳಿಗೆ ವ್ಯಾಜ್ಯವಾಗುವುದು. 1956ರಲ್ಲಿ ರಾಜ್ಯದ ಗಡಿ ಬಿದ್ದುದರಿಂದ ಕೆಲವರ ಹೊಲ ಆಚೆಗೂ ಇದೆ; ಅದಕ್ಕೆ ಕರ್ನಾಟಕದಲ್ಲಿ ಬೇರೆಯಾಗಿಯೇ ಪೌತಿ ಖಾತೆ ಆಗಬೇಕು.

ಪಾಸ್‌ಬುಕ್ ಇದ್ದವರೂ ನಿಶ್ಚಿಂತರಲ್ಲ. ಮದುವೆಗೆ ಮುಂಚೆ ನಾಮಿನಿಯೆಂದು ತಾಯಿಯ ಹೆಸರು ಬರೆಸಿದವನು, ತಾಯಿ ತೀರಿದ ಮೇಲೂ ಅದನ್ನು ಬದಲಿಸಿರುವುದಿಲ್ಲ. ಇನ್ನು ನಮ್ಮ ಕನ್ನಡದವರಿಗೆ ಒಂದು ಹೆಚ್ಚಿನ ತೊಡಕು: ಆಚೆಯ ಶಾಲೆಯಲ್ಲಿ ಕನ್ನಡದಲ್ಲಿ ಬರೆದ ಹೆಸರು, ಇಲ್ಲಿಯ ಆಧಾರಿನಲ್ಲಿ ತೆಲುಗಿನವರು ಬರೆದ ಹೆಸರು, ಎರಡೂ ಕೂಡುವುದಿಲ್ಲ. ಹೆಂಡತಿಯ ಹೆಸರು ಪ್ರತಿಯೊಂದು ಕಾಗದದಲ್ಲಿಯೂ ಒಂದೇ ತೆರನಾಗಿದೆಯೇ ಎಂದು ಈಗಲೇ ನೋಡಿರಿ.

ಹಣಕ್ಕಿಂತ ಕಠಿಣವಾದುದು ಮಗುವನ್ನು ಸಾಕುವರಾರೆಂಬುದು. ತಂದೆಯಿಲ್ಲದಿದ್ದರೆ ತಾಯಿಯೇ ಪಾಲಕಳು. ಇಬ್ಬರೂ ಇಲ್ಲವಾದರೆ ಯಾರು ನೋಡಿಕೊಳ್ಳಬೇಕೆಂಬುದನ್ನು ಹಿಂದೂ ತಂದೆತಾಯಿಗಳು ಮೃತ್ಯುಪತ್ರದಲ್ಲಿ ಬರೆದಿಡಬಹುದು. ಕನ್ನಡದಲ್ಲಿ ಬರೆದರೂ ಸಾಗುವುದು. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿದಾರರ ಸಹಿ ಮಾತ್ರ ಬೇಕೇಬೇಕು. ಹೆಸರು ಬರೆಯುವ ಮುಂಚೆ ಆ ಸೋದರಮಾವನನ್ನೋ ಚಿಕ್ಕಮ್ಮನನ್ನೋ ಕೇಳಬೇಕು. ಮಗುವಿಗೆ ತಿಳಿವಳಿಕೆ ಇದ್ದರೆ ಅದನ್ನೂ ಕೇಳಬೇಕು. ಪಾಲಾಗಿ ಮಗುವಿನ ಹೆಸರಿಗೆ ಬಂದ ಹೊಲವನ್ನು, 18 ವರ್ಷ ತುಂಬುವವರೆಗೆ, ತಾಯಿಯಾದರೂ ನ್ಯಾಯಾಲಯದ ಅಪ್ಪಣೆಯಿಲ್ಲದೆ ಮಾರುವಂತಿಲ್ಲವೆಂದು 1956ರ ಹಿಂದೂ ಪಾಲಕತ್ವ ಕಾಯಿದೆ ಹೇಳುತ್ತದೆ. ದಾಯಾದಿಗಳು ಒತ್ತಾಯಮಾಡಿದಾಗ ವಿಧವೆಗೆ ಇದೇ ಆಸರೆ.

ಬಡ ವಿಧವೆಯ ಮಕ್ಕಳಿಗೆ, ಅಜ್ಜಿಯ ಮನೆಯಲ್ಲಿ ಬೆಳೆಯುವ ಅನಾಥರಿಗೆ, ಮಿಷನ್ ವಾತ್ಸಲ್ಯದಲ್ಲಿ ಮಂಜೂರಾದರೆ ತಿಂಗಳಿಗೆ 4,000 ರೂಪಾಯಿ ನೆರವು ಉಂಟು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳತಕ್ಕದ್ದು. ನಾರಾಯಣಪೇಟೆಯೂ ಗದ್ವಾಲವೂ ಈಗ ಜಿಲ್ಲಾಕೇಂದ್ರಗಳೇ ಆಗಿವೆ.

ಆ ಹುಡುಗನು ಯಾದಗಿರಿಯ ಸೋದರಮಾವನ ದಯದಿಂದ ಎರಡು ವರ್ಷ ತಡವಾಗಿ ಮತ್ತೆ ಶಾಲೆ ಸೇರಿದನು. ನಾವು ಕಳೆದ ಉಗಾದಿಯ ಮರುದಿನ ನಮ್ಮ ಮೃತ್ಯುಪತ್ರ ಬರೆದು, ಪಕ್ಕದ ಹೊಲದ ಇಬ್ಬರ ಸಹಿ ಹಾಕಿಸಿದೆವು. ಅದು ಪಾಸ್‌ಬುಕ್ಕಿನೊಂದಿಗೆ ತಗಡಿನ ಪೆಟ್ಟಿಗೆಯಲ್ಲಿದೆ. ಬೀಗದ ಕೈ ಎಲ್ಲಿದೆಯೆಂಬುದು ಮನೆಯಾಕೆಗೂ ಹಿರಿಯ ಮಗಳಿಗೂ ಗೊತ್ತು.