ಯಾವ ದೇಶದ ಮಕ್ಕಳು ಜಾಣರು? ಕೆಲವು ತಪ್ಪು ಕಲ್ಪನೆ, ಕೆಲವು ಸತ್ಯ

ದೇಶದೇಶಗಳ ಮಕ್ಕಳ ಅಂಕಗಳನ್ನು ಸಾಲಾಗಿ ಜೋಡಿಸಿದ ಪಟ್ಟಿ ಹೊರಬಿದ್ದಾಗಲೆಲ್ಲ ‘ಅವರ ರಕ್ತದಲ್ಲೇ ಬುದ್ಧಿಯಿದೆ’ ಎಂಬ ಮಾತು ಹಿಂದೆಯೇ ಬರುತ್ತದೆ. ಇಂಥ ಪಟ್ಟಿಗಳಲ್ಲಿ ಹೆಚ್ಚು ಹೆಸರಾದದ್ದು ಪಿಸಾ. ಬಹುಪಾಲು ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ 2000ದಿಂದ ನಡೆಸುತ್ತಿರುವ ಈ ಪರೀಕ್ಷೆ 15 ವರ್ಷದವರ ಗಣಿತ, ಓದು, ವಿಜ್ಞಾನವನ್ನು ಅಳೆಯುತ್ತದೆ. 2022ರಲ್ಲಿ ಸಿಂಗಪುರದ ಗಣಿತದ ಸರಾಸರಿ 575, ಒಇಸಿಡಿ ದೇಶಗಳದ್ದು 472. ಅಂತರ ನಿಜ. ಅದಕ್ಕೆ ಕಟ್ಟುವ ಅರ್ಥದಲ್ಲಿ ತಪ್ಪುಗಳಿವೆ.

ತಪ್ಪು ಕಲ್ಪನೆ 1: ಪಟ್ಟಿಯಲ್ಲಿರುವುದು ಇಡೀ ದೇಶದ ಮಕ್ಕಳ ಅಂಕ.

ಸತ್ಯ: ಪಿಸಾ ಬರೆಯುವುದು ಶಾಲೆಯಲ್ಲಿರುವ ಮಕ್ಕಳು ಮಾತ್ರ. 2012ರಲ್ಲಿ ವಿಯೆಟ್ನಾಂ ಗಣಿತದಲ್ಲಿ 511 ಅಂಕ ಪಡೆದು, 481 ಪಡೆದ ಅಮೆರಿಕವನ್ನು ಹಿಂದಿಕ್ಕಿತು. ಆದರೆ ಪರೀಕ್ಷೆಯ ವ್ಯಾಪ್ತಿಗೆ ಬಂದವರು ಅಲ್ಲಿನ 15 ವರ್ಷದವರಲ್ಲಿ ಸುಮಾರು ಶೇ 56ರಷ್ಟು ಮಾತ್ರ. ಚೀನಾದ ಹೆಸರಿನಲ್ಲಿ 2018ರಲ್ಲಿ ಮೇಲೇರಿದ್ದು ಬೀಜಿಂಗ್, ಶಾಂಘೈ ಮತ್ತು ಎರಡು ಸಿರಿವಂತ ಪ್ರಾಂತ್ಯಗಳು. ಹಾಗೆಯೇ 2009ರ ಸುತ್ತಿನಲ್ಲಿ ತಳ ಸೇರಿದ ‘ಭಾರತ’ವೆಂದರೆ ತಮಿಳುನಾಡು ಮತ್ತು ಹಿಮಾಚಲ ಪ್ರದೇಶ ಮಾತ್ರ.

ತಪ್ಪು ಕಲ್ಪನೆ 2: ದೇಶಗಳ ಐಕ್ಯೂ (ಬುದ್ಧಿಮತ್ತೆಯ ಅಂಕ) ನಕ್ಷೆಯನ್ನು ಎಲ್ಲೆಡೆ ಅಳೆದು ಮಾಡಿದ್ದಾರೆ.

ಸತ್ಯ: ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಈ ನಕ್ಷೆಗಳ ಬೇರು ಸಂಶೋಧಕರಾದ ರಿಚರ್ಡ್ ಲಿನ್ ಮತ್ತು ಟಾಟು ವಾನ್ಹಾನೆನ್ 2002ರಲ್ಲಿ ತಂದ ಪುಸ್ತಕದಲ್ಲಿದೆ. ಅದರಲ್ಲಿ 185 ದೇಶಗಳ ಅಂಕಿಗಳಿದ್ದರೂ ಪರೀಕ್ಷೆಯ ದತ್ತಾಂಶ ಇದ್ದದ್ದು 81ಕ್ಕೆ. ಉಳಿದವುಗಳಿಗೆ ಅಕ್ಕಪಕ್ಕದ ದೇಶಗಳ ಅಂಕಿ ನೋಡಿ ಅಂದಾಜು ಹಾಕಿದ್ದರು. ಈಕ್ವಟೋರಿಯಲ್ ಗಿನಿಗೆ ಕೊಟ್ಟ 59 ಎಂಬ ಅಂಕಿಯ ಮೂಲವಂತೂ ಸ್ಪೇನಿನಲ್ಲಿದ್ದ ಬೌದ್ಧಿಕ ನ್ಯೂನತೆಯ ಮಕ್ಕಳ ಸಂಸ್ಥೆಯೊಂದು! ಜೆಲ್ಟೆ ವಿಕರ್ಟ್ಸ್ ಮತ್ತು ಸಂಗಡಿಗರು 2010ರಲ್ಲಿ ಆಫ್ರಿಕಾದ ಅಧ್ಯಯನಗಳನ್ನು ಮತ್ತೆ ಜಾಲಾಡಿದಾಗ ಅಲ್ಲಿನ ಸರಾಸರಿ ಲಿನ್ ಹೇಳಿದ್ದಕ್ಕಿಂತ ಸಾಕಷ್ಟು ಮೇಲಿತ್ತು.

ತಪ್ಪು ಕಲ್ಪನೆ 3: ಬುದ್ಧಿ ಹುಟ್ಟಿನಿಂದಲೇ ಬರುವಂಥದ್ದು, ಒಂದು ಜನಾಂಗದ ಅಂಕ ಬದಲಾಗದು.

ಸತ್ಯ: ನ್ಯೂಜಿಲೆಂಡಿನ ಸಂಶೋಧಕ ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ಹಲವು ದೇಶಗಳ ಐಕ್ಯೂ ಪರೀಕ್ಷೆಗಳ ಹಳೆಯ ದಾಖಲೆಗಳನ್ನು ಹೋಲಿಸಿದರು. ಅಂಕಗಳು ಪೀಳಿಗೆಯಿಂದ ಪೀಳಿಗೆಗೆ ಏರುತ್ತಲೇ ಇದ್ದವು. ನೆದರ್ಲೆಂಡ್ಸ್‌ನ ಸೈನ್ಯಕ್ಕೆ ಕರೆಬಂದ ತರುಣರು 1952ರಿಂದ 1982ರ ನಡುವೆ ಸುಮಾರು 20 ಅಂಕ ಗಳಿಸಿಕೊಂಡಿದ್ದರು. ಮೂವತ್ತೇ ವರ್ಷಗಳಲ್ಲಿ ಒಂದು ದೇಶದ ರಕ್ತ ಬದಲಾಗುವುದಿಲ್ಲ. ಬದಲಾಗುವುದು ಊಟ, ಆರೋಗ್ಯ, ಶಾಲೆ. ನಾರ್ವೆ ಕಡ್ಡಾಯ ಶಿಕ್ಷಣವನ್ನು 7 ವರ್ಷದಿಂದ 9ಕ್ಕೆ ಏರಿಸಿದಾಗ, ಹೆಚ್ಚು ಓದಿದ ಪ್ರತಿ ವರ್ಷಕ್ಕೂ ಐಕ್ಯೂ ಮೂರೂವರೆ ಅಂಕಕ್ಕೂ ಮಿಗಿಲಾಗಿ ಏರಿದ್ದನ್ನು ಸಂಶೋಧಕರು ಕಂಡರು. ಬಸುರಿಯಲ್ಲಿ ಅಯೋಡಿನ್ ತೀರ ಕಡಿಮೆಯಾದರೆ ಮಗುವಿನ ಮಿದುಳು ಸರಿಯಾಗಿ ಬೆಳೆಯದು. ಅದನ್ನು ತಡೆಯುವುದು ಅಡುಗೆಮನೆಯ ಅಯೋಡಿನ್‌ಯುಕ್ತ ಉಪ್ಪು.

ಏರಿದ್ದು ಇಳಿಯಲೂಬಹುದು. ಶಿಕ್ಷಣಕ್ಕೆ ಮಾದರಿಯೆನಿಸಿದ್ದ ಫಿನ್ಲೆಂಡ್ ಪಿಸಾ ಗಣಿತದಲ್ಲಿ 2003ರಲ್ಲಿ 544 ಪಡೆದಿತ್ತು. 2022ರಲ್ಲಿ ಅದು 484ಕ್ಕೆ ಬಂತು.

ತಪ್ಪು ಕಲ್ಪನೆ 4: ಕಡಿಮೆ ಅಂಕ ಬಂದರೆ ಕಡಿಮೆ ತಿಳಿದಿದೆ ಎಂದೇ ಅರ್ಥ.

ಸತ್ಯ: ಬರೆಯುವ ಮನಸ್ಸೂ ಲೆಕ್ಕಕ್ಕೆ ಬರುತ್ತದೆ. 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹಣವನ್ನು ಮೊದಲೇ ಕೊಟ್ಟು, ಪ್ರತಿ ತಪ್ಪು ಉತ್ತರಕ್ಕೂ ಅದರಲ್ಲಿ ಕಳೆಯುತ್ತೇವೆ ಎಂದಾಗ ಅಮೆರಿಕದ ವಿದ್ಯಾರ್ಥಿಗಳ ಅಂಕ ಏರಿತು. ಶಾಂಘೈಯವರದು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಹಣವಿಲ್ಲದಿದ್ದರೂ ಅವರು ಶ್ರಮಪಟ್ಟೇ ಬರೆದಿದ್ದರು.

ತಪ್ಪು ಕಲ್ಪನೆ 5: ಹಾಗಿದ್ದರೆ ಈ ಪರೀಕ್ಷೆಗಳನ್ನು ನಾವು ಲೆಕ್ಕಿಸಬೇಕಿಲ್ಲ.

ಸತ್ಯ: 2009ರ ಸುತ್ತಿನ ಬಳಿಕ ಭಾರತ, ಪ್ರಶ್ನೆಗಳು ಇಲ್ಲಿನ ಬದುಕಿಗೆ ಹೊಂದುವುದಿಲ್ಲ ಎಂದು ಪಿಸಾದಿಂದ ದೂರ ಸರಿಯಿತು. ಆ ತಕರಾರಿನಲ್ಲಿ ಹುರುಳಿರಬಹುದು. ಆದರೆ ‘ಅಸರ್’ ಸಮೀಕ್ಷೆ ನಮ್ಮದೇ. ಪ್ರಥಮ್ ಸಂಸ್ಥೆ 2005ರಿಂದ ಹಳ್ಳಿಗಳ ಮನೆಬಾಗಿಲಿಗೆ ಹೋಗಿ ಮಗುವಿಗೆ ಓದಲು ಕೊಡುವುದು ಆಯಾ ರಾಜ್ಯದ ಭಾಷೆಯ ಪಠ್ಯವನ್ನು, ಕರ್ನಾಟಕದಲ್ಲಿ ಕನ್ನಡದ್ದನ್ನು. ದೇಶದ ಗ್ರಾಮೀಣ ಭಾಗದಲ್ಲಿ ಐದನೇ ತರಗತಿಯ ಸುಮಾರು ಅರ್ಧದಷ್ಟು ಮಕ್ಕಳಿಗೆ ಎರಡನೇ ತರಗತಿಯ ಪಾಠ ಓದಲು ಬರುವುದಿಲ್ಲ ಎಂದು ಅದು ಮತ್ತೆ ಮತ್ತೆ ಹೇಳುತ್ತಿದೆ. ಇದಕ್ಕೆ ಮಕ್ಕಳ ಮಿದುಳನ್ನು ದೂರಲಾಗದು, ವಿದೇಶಿ ಪ್ರಶ್ನೆಪತ್ರಿಕೆಯನ್ನೂ ದೂರಲಾಗದು. ಕಲಿಸುವುದರಲ್ಲೇ ಕೊರತೆಯಿದೆ, ಕೊರತೆಯಾದ್ದರಿಂದಲೇ ಅದನ್ನು ತುಂಬಲು ಸಾಧ್ಯ.